ಏಳನೆಯ ಏಟು

ಎಷ್ಟು ಕೊಡಲಿ ಎಂದು ಕರದಂಟಿನ ಅಂಗಡಿಯವನು ಎರಡನೇ ಸಲ ಕೇಳಿದಾಗಲೇ ಅವನು ಮೊದಲ ಸಲ ಕೇಳಿದ್ದೂ ಪ್ರಭುವಿನ ಗಮನಕ್ಕೆ ಬಂತು. ಗಾಜಿನ ಹಿಂದೆ ಕರದಂಟನ್ನು ಚೌಕ ಚೌಕವಾಗಿ ಕೊಯ್ದು ಇಟ್ಟಿದ್ದರು. ಎಣಿಸಬೇಕೆಂದರೆ ಎಣಿಸಬಹುದಿತ್ತು, ಆದರೆ ಗೋಕಾಕದಲ್ಲಿ ಯಾರೂ ಹನ್ನೆರಡು ಕರದಂಟು ಕೊಡು ಎಂದು ಕೇಳುವುದಿಲ್ಲ, ತೂಕದ ಮೇಲೆ ಕೇಳುತ್ತಾರೆ. ಥತ್, ಇಲ್ಲೂ ನಿನ್ನೆಯ ಎಣಿಕೆಯ ಪಾಠವೇ ಬಂದು ವಕ್ಕರಿಸಿತಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳ ಕಿವಿಗೆ ಎಷ್ಟು ಕರದಂಟು ಒಯ್ದರೆ ಸರಿಹೋದೀತು? ಕಾಲು ಕಿಲೋ ಒಯ್ದರೆ ಜಿಪುಣ ಮಾಸ್ತರ ಅಂದಾರು. ಒಂದು ಕಿಲೋ ಒಯ್ದರೆ ತಪ್ಪನ್ನು ಒಪ್ಪಿಕೊಂಡು ಬಂದಂತೆ ಕಾಣುತ್ತದೆ. ಅರ್ಧ ಕಿಲೋ ಎಂದ. ಡಬ್ಬಿಗೆ ಕೈ ಚಾಚಿದಾಗ ಬಲಗೈ ಮುಂದೆ ಬರಲಿಲ್ಲ, ಎಡಗೈ ಬಂತು. ಬೆಳಿಗ್ಗೆಯಿಂದ ಹೀಗೇ ಆಗುತ್ತಿತ್ತು. ಗೋಕಾಕ ಫಾಲ್ಸಿನ ಮನೆಯಲ್ಲಿ ಚಹಾದ ಕಪ್ಪನ್ನು ಎಡಗೈಯಲ್ಲಿ ಎತ್ತಿದ್ದನ್ನು ನೋಡಿ ಹೆಂಡತಿ ದಾಕ್ಷಾಯಿಣಿ ಕೈಗೆ ಏನಾಯಿತು ಎಂದು ಕೇಳಿದ್ದಳು. ಸೀಮೆಸುಣ್ಣದಿಂದ ತುರಿಕೆ ಎಂದು ಹೇಳಿದ್ದ. ಅವಳು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋಗಿದ್ದಳು. ಲಗ್ನವಾದ ಹೊಸದರಲ್ಲಿ ಒಂದೇ ಒಂದು ಸಲ ಅವಳ ಮೇಲೆ ಎತ್ತಿದ ಕೈ ಅದು. ಒಂದೇ ಸಲ ಎಂದು ಅವನು ಹೇಳುತ್ತಾನೆ. ಅವಳು ಎಣಿಕೆಯ ಮಾತೇ ಆಡುವುದಿಲ್ಲ.

ಕಲ್ಲೋಳಿಯ ದಾರಿಗೆ ಗಾಡಿ ತಿರುಗಿಸಿದ. ರವಿವಾರ, ಬಿಸಿಲು ಇನ್ನೂ ಏರಿರಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ರಸ್ತೆಯ ತುಂಬ ಹೋಗುತ್ತಿದ್ದವು. ಬೆಳಿಗ್ಗೆ ಆರಕ್ಕೇ ಹೆಡ್ ಮಾಸ್ತರರ ಫೋನು ಬಂದಿತ್ತು. ಭೀಮಶಿ ನಿನ್ನೆ ಸಂಜೆ ಮಗಳು ಸಪ್ನಾಳನ್ನು ಮೂಡಲಗಿಯ ಕಿವಿಯ ಡಾಕ್ಟರರಿಗೆ ತೋರಿಸಿದ್ದಾನೆ, ಎಡಗಿವಿಯ ತಮಟೆ ಹರಿದಿದೆಯಂತೆ, ಮಾಸ್ತರು ಹೊಡೆದರು ಎಂದು ಹುಡುಗಿ ಹೇಳುತ್ತಿದ್ದಾಳಂತೆ. ಅವನು ಪೊಲೀಸರ ಹತ್ತಿರ ಹೋಗುವವನಲ್ಲ, ಆದರೆ ಖರೆ ಏನು ಎನ್ನುವುದನ್ನು ಮಾಸ್ತರೇ ಬಂದು ತನ್ನ ತಾಯಿಯ ಮುಂದೆ ಹೇಳಲಿ ಎಂದು ಪಟ್ಟು ಹಿಡಿದಿದ್ದಾನೆ. ಹೇಳಿದ ಮೇಲೆ ಏನು ಮಾಡುತ್ತಾನೋ ದೇವರೇ ಬಲ್ಲ. ಹದಿನಾಲ್ಕು ವರ್ಷ ಕಾಯ್ದ ಮೇಲೆ ಪ್ರಭುವಿನ ನೌಕರಿ ಕಾಯಂ ಮಾಡುವ ಕಾಗದ ಈಗಷ್ಟೇ ಮೇಲಿನ ಆಫೀಸಿಗೆ ಹೋಗಿ ಕೂತಿತ್ತು. ಮಗುವಿನ ಕಿವಿ ಹರಿದ ಮಾಸ್ತರ ಎಂಬ ಒಂದು ಅರ್ಜಿ ಅದರ ಮೇಲೆ ಬಿದ್ದರೆ ಮುಗಿಯಿತು. ಹೆಡ್ ಮಾಸ್ತರರು ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ. "ಹುಡುಗಿ ಹ್ವಾದ ವಾರ ಸೈಕಲ್ಲಿನ ಮ್ಯಾಲಿಂದ ಬಿದ್ದಿದ್ಲಲ್ರಿ, ಅದನ್ನ ನೆಪ್ಪ ಮಾಡಿಕೊಡ್ರಿ. ಕೈಗೆ ಹೊಡದದ್ದು ಬೇಕಾದ್ರ ಒಪ್ಪಿಕೋರಿ, ಕೈಗೆ ಹೊಡದ್ರ ಯಾರೂ ಏನೂ ಅನ್ನೂದಿಲ್ಲ" ಎಂದಷ್ಟೇ ಹೇಳಿ ಫೋನು ಇಟ್ಟಿದ್ದರು.

ಕೈಗೆ ಆರು. ಅದು ಖರೆ. ಆರನ್ನೂ ಹುಡುಗಿಯೇ ಎಣಿಸಿದ್ದಳು. ಪ್ರಭುವಿನ ತಲೆಯಲ್ಲಿ ಆ ದನಿ ಇನ್ನೂ ಹೋಗಿರಲಿಲ್ಲ. ಎದುರಿಗೆ ಬಂದ ಟ್ರ್ಯಾಕ್ಟರಿನ ಹಾಡಿನಲ್ಲಿಯೂ ಅದು ಮುಳುಗಲಿಲ್ಲ.

ನಿನ್ನೆ ಬೆಳಗಿನ ಸಾಲೆ. ಇಂಗ್ಲಿಷಿನ ಪರಿವೀಕ್ಷಕನಾಗಿ ಬಂದು ಹಿಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತವನು ಸೋಮಲಿಂಗ. ಹುಕ್ಕೇರಿಯ ಸಾಲೆಯಲ್ಲಿ ಪ್ರಭುವಿನ ಜೊತೆಗೇ ಓದಿದವನು, ಪ್ರಭುವಿನ ಉತ್ತರ ನೋಡಿ ಬರೆದವನು. ಈಗ ಅವನ ಶರ್ಟಿನ ಜೇಬಿನಲ್ಲಿ ಎರಡು ಪೆನ್ನು. ಪ್ರಭು ಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ಎಣಿಕೆಗೆ ಸಿಗುವ ನಾಮಪದ, ಬಲಕ್ಕೆ ಎಣಿಕೆಗೆ ಸಿಗದ ನಾಮಪದ ಎಂದು ಬರೆದ. ಎಡಕ್ಕೆ ಕುರ್ಚಿ, ಹೋರಿ, ಮಾವಿನಹಣ್ಣು. ಇವುಗಳ ಮುಂದೆ 'ಎ' ಬರುತ್ತದೆ, ಎರಡಾದರೆ ಬಾಲಕ್ಕೆ 'ಎಸ್' ಹತ್ತುತ್ತದೆ, ಎಷ್ಟು ಎಂದು ಕೇಳಲು 'ಹೌ ಮೆನಿ' ಎನ್ನಬೇಕು. ಬಲಕ್ಕೆ ನೀರು, ಹಾಲು, ಸಕ್ಕರೆ, ಅಕ್ಕಿ. ಇವುಗಳಿಗೆ 'ಎ' ಇಲ್ಲ, 'ಎಸ್' ಇಲ್ಲ, 'ಹೌ ಮಚ್' ಎನ್ನಬೇಕು. ಎಣಿಸಲೇಬೇಕೆಂದರೆ ಅವನ್ನು ಯಾವುದರಲ್ಲಾದರೂ ತುಂಬಿ ಎಣಿಸಬೇಕು: ಒಂದು ಗ್ಲಾಸು ನೀರು, ಎರಡು ಚೀಲ ಅಕ್ಕಿ. ಪಾಠ ಚೆನ್ನಾಗಿಯೇ ಸಾಗಿತ್ತು. ಆಗ ಎರಡನೇ ಬೆಂಚಿನಿಂದ ಸಪ್ನಾ ಎದ್ದು ನಿಂತಳು. ಅಕ್ಕಿ ಎಣಿಸಲು ಬರುತ್ತದಲ್ಲ ಸರ್, ನಮ್ಮ ಆಯಿ ಲಗ್ನದ ಅಕ್ಕಿಕಾಳಿಗೆ ಮುರುಕಿಲ್ಲದ ಅಕ್ಕಿಯನ್ನು ಒಂದೊಂದೇ ಆರಿಸುತ್ತಾಳೆ, ನಾನೇ ಸಾವಿರದವರೆಗೆ ಎಣಿಸಿದ್ದೇನೆ ಎಂದಳು. ಸೋಡಾ ಕುಡಿದಾಗ ಬರುವಂಥ ಸಣ್ಣದೊಂದು ಗುಳುಗುಳು ನಗೆ ಸೋಮಲಿಂಗನ ಕಡೆಯಿಂದ ಬಂತು. ಒಳ್ಳೆಯ ಪ್ರಶ್ನೆ, ಉತ್ತರ ಕೊಡಿ ಮಾಸ್ತರ ಎಂದ.

ಉತ್ತರ ಗೊತ್ತಿತ್ತು. ಎಣಿಸಲು ಬರುತ್ತದೋ ಇಲ್ಲವೋ ಎನ್ನುವುದು ಅಕ್ಕಿಯ ಗುಣವಲ್ಲ, ಆ ಭಾಷೆ ಅಕ್ಕಿಯನ್ನು ನೋಡುವ ಬಗೆ. ಅವರು ಅದನ್ನು ಕಾಳಾಗಿ ನೋಡದೆ ರಾಶಿಯಾಗಿ ನೋಡಿದರು, ಅಷ್ಟೇ. ಇದನ್ನು ಕನ್ನಡದಲ್ಲಿ ಹೇಳಿದ್ದರೆ ಚೆಂದವಾಗಿ ಹೇಳುತ್ತಿದ್ದ. ಆದರೆ ಹಿಂದಿನ ಬೆಂಚಿನ ಎರಡು ಪೆನ್ನಿನವನಿಗೆ ಇಂಗ್ಲಿಷಿನಲ್ಲಿಯೇ ತೋರಿಸಿಬಿಡಬೇಕು ಎನಿಸಿತು. ಎದೆ ಉಬ್ಬಿಸಿ, ನಿಮಗೆ ಇನ್ನಷ್ಟು 'ಇನ್ಫರ್ಮೇಶನ್ಸ್' ಕೊಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದ. ಸೋಮಲಿಂಗ ಕೈ ಎತ್ತಿದ. ಇನ್ಫರ್ಮೇಶನ್ಸ್ ಅಲ್ಲ ಮಾಸ್ತರ, ಇನ್ಫರ್ಮೇಶನ್, ಅದೂ ನಿಮ್ಮ ಬಲಗಡೆಯ ಪಟ್ಟಿಯದೇ, ಬರೆದುಕೊಳ್ಳಿ ಎಂದ. ನಲವತ್ತೆರಡು ಮಕ್ಕಳು ನಕ್ಕರು. ಪ್ರಭುವೂ ನಕ್ಕ. ನಗದೆ ಏನು ಮಾಡುತ್ತಾನೆ? ಕಿವಿ ಬಿಸಿಯಾಗಿದ್ದವು, ಅಂಗಿಯೊಳಗೆ ಬೆನ್ನಿನ ನಡುವೆ ಬೆವರಿನ ಒಂದು ಎಳೆ ಇಳಿಯಿತು. ನಕ್ಕ ನಲವತ್ತೆರಡರಲ್ಲಿ ಸಪ್ನಾ ಇರಲಿಲ್ಲ. ಅವಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಬರೆದುಕೊಳ್ಳಿ ಎಂದರೆ ಬರೆದುಕೊಳ್ಳುವುದು ಅವಳ ರೂಢಿ, ಯಾರು ಏನು ಹೇಳಿದರೂ ಬರೆದುಕೊಳ್ಳುವವಳು. ಸೋಮಲಿಂಗ ಹೋದ ಮೇಲೆ ಪ್ರಭು ಅವಳ ಬೆಂಚಿನ ಹತ್ತಿರ ಹೋಗಿ ನೋಟ್‌ಬುಕ್ ನೋಡಿದ. ದುಂಡನೆಯ ಅಕ್ಷರದಲ್ಲಿ ಅವನ ತಪ್ಪು, ಅದರ ಮೇಲೊಂದು ಗೀಟು, ಪಕ್ಕದಲ್ಲಿ ಸರಿಯಾದದ್ದು. ಅದರ ಕೆಳಗೆ ಕೆಂಪು ಗೆರೆ. ನಕ್ಕಿದ್ದರೆ ಬಿಟ್ಟುಬಿಡುತ್ತಿದ್ದನೇನೋ. ಗೀಟು ಹಾಕಿದ್ದು ಕಂಡು ಮೈ ಉರಿಯಿತು.

ಕೈ ಚಾಚು ಎಂದ. ಎಣಸು ಎಂದ. ಇಂಗ್ಲಿಷಿನಲ್ಲಿ ಎಣಸು. ಅದು ಅವನ ಪದ್ಧತಿಯಲ್ಲ, ಹುಕ್ಕೇರಿಯ ಶಿದ್ರಾಮ ಮಾಸ್ತರರದು. ಅವರ ಛಡಿ ಹೊಂಗೆಯದು. ಹೊಡೆತ ತಿನ್ನುವವನೇ ಪ್ರತಿ ಏಟನ್ನೂ ಇಂಗ್ಲಿಷಿನಲ್ಲಿ ಕೂಗಿ ಎಣಿಸಬೇಕು, ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ಹಳೆಯ ಸಾಲೆಯ ಹಿಂದಿನ ಗೋಡೆಗೆ ಹಣೆ ಒತ್ತಿಕೊಂಡು ಪ್ರಭು ಇಂಗ್ಲಿಷು ಕಲಿತದ್ದು ಹೀಗೇ. ಒಮ್ಮೆ ಫೈವ್ ಆದ ಮೇಲೆ ನೋವಿನಲ್ಲಿ ಸೆವೆನ್ ಎಂದುಬಿಟ್ಟಿದ್ದ. ಮಾಸ್ತರರು ಛಡಿಯನ್ನು ಕೆಳಗಿಟ್ಟು, ಅಂಗೈಗೆ ಉಗುಳು ಹಚ್ಚಿಕೊಂಡು, ಮೊದಲಿನಿಂದ ಶುರು ಮಾಡಿದ್ದರು. ಆ ದಿನ ಚಡ್ಡಿ ಒದ್ದೆಯಾಗಿತ್ತು, ಸೋಮಲಿಂಗ ಅದನ್ನು ನೋಡಿದ್ದ. ನಿನ್ನೆ ಹಿಂದಿನ ಬೆಂಚಿನಲ್ಲಿ ಕಾಲು ಅಲ್ಲಾಡಿಸುತ್ತ ಕೂತವನ ಕಣ್ಣಿನಲ್ಲಿ ಆ ಒದ್ದೆ ಚಡ್ಡಿ ಇರಲಿಲ್ಲ ಎಂದು ಯಾರು ಹೇಳಬಲ್ಲರು? ಮಾಸ್ತರರು ತೀರಿಕೊಂಡಾಗ ಪ್ರಭು ಮಣ್ಣಿಗೆ ಹೋಗಿ ಎಲ್ಲರಿಗಿಂತ ಹೆಚ್ಚು ಅತ್ತಿದ್ದ. ಅವರು ಹೊಡೆಯದಿದ್ದರೆ ನಾನು ಇವತ್ತು ಎಮ್ಮೆ ಕಾಯುತ್ತಿದ್ದೆ ಎಂದು ಹತ್ತು ಜನರ ಮುಂದೆ ಹೇಳಿದ್ದ. ಅದನ್ನು ನಂಬಿದ್ದ ಕೂಡ.

ಫೂಟ್‌ಪಟ್ಟಿಯಲ್ಲಿ ಹೊಡೆದ. ಪಟ್ಟಿಯನ್ನು ಅಗಲಕ್ಕಲ್ಲ, ಅಂಚು ಕೆಳಗಾಗುವಂತೆ ಹಿಡಿದು ಹೊಡೆದ. ವನ್. ಟೂ. ಅವಳ ಬೆರಳು ಮಡಚಿದವು, ತಾವಾಗಿಯೇ ಬಿಚ್ಚಿಕೊಂಡವು. ಥ್ರೀ. ಫೋರ್. ಅಳುತ್ತಾಳೆ ಎಂದು ಕಾದ, ಅಳಲಿಲ್ಲ. ಫೈವ್. ಸಿಕ್ಸ್. ಆರನೆಯದನ್ನು ಹೇಳುವಾಗ ಅವಳ ದನಿ ಒಂದಿಷ್ಟೂ ನಡುಗಲಿಲ್ಲ, ಉಚ್ಚಾರ ಅವನದಕ್ಕಿಂತ ಚೊಕ್ಕಟವಾಗಿತ್ತು. ಆಗ ಪಟ್ಟಿ ಕೆಳಗೆ ಬಿತ್ತು. ಬಿತ್ತೋ ಬಿಸಾಕಿದನೋ ನೆನಪಿಲ್ಲ. ಕೈ ತೆರೆದುಕೊಂಡು ಹೋಗಿ ಅವಳ ಎಡಗಿವಿಯ ಮೇಲೆ ಪೂರ್ತಿ ಬಿತ್ತು. ಖಾಲಿ ಡಬ್ಬಿಗೆ ಹೊಡೆದಂಥ ಸಪ್ಪಳವಾಯಿತು. ಕಿವಿಯ ಬೆಂಡವಾಲಿಯ ತಿರುಪು ಹಾಲೆಯೊಳಗೆ ನಾಟಿ ಒಂದು ಹನಿ ರಕ್ತ ಬಂತು. ಅದನ್ನು ಅವಳು ಎಣಿಸಲಿಲ್ಲ. ಬೆಂಚು ಹಿಡಿದು ಕೂತಳು. ಐದು ನಿಮಿಷದ ಮೇಲೆ ಎದ್ದು, ಸರ್, ಕಿವ್ಯಾಗ ಸೀಟಿ ಹೊಡದಂಗ ಆಗಾಕತ್ತೈತ್ರಿ ಎಂದಾಗ, ಕೂಡು, ನಾಟಕ ಮಾಡಬ್ಯಾಡ ಎಂದಿದ್ದ. ಪ್ರಭು ಹಲಗೆಯ ಕಡೆ ತಿರುಗಿ ಬಲಗಡೆಯ ಪಟ್ಟಿಗೆ ಇನ್ನೊಂದು ಶಬ್ದ ಸೇರಿಸಿದ್ದ. ಯಾವ ಶಬ್ದ ಎಂದು ಈಗ ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಭೀಮಶಿಯ ತೋಟದ ಮನೆ ಕಲ್ಲೋಳಿಯಿಂದ ಎರಡು ಕಿಲೋಮೀಟರು ಆಚೆ, ಕಾಲುವೆಯ ಬಾಜೂಕ್ಕೆ. ಮಣ್ಣಿನ ದಾರಿಗೆ ಇಳಿಯುವಲ್ಲಿ ಪ್ರಭು ಗಾಡಿ ನಿಲ್ಲಿಸಿದ. ತಿರುಗಿ ಹೋಗಿಬಿಡಬೇಕು ಎನಿಸಿತು. ಕಬ್ಬು ತುಂಬಿದ ಎತ್ತಿನಗಾಡಿಯೊಂದು ಏರಿನಲ್ಲಿ ಸಿಕ್ಕಿಬಿದ್ದಿತ್ತು, ಗಾಡಿಯವನು ಬಾರಕೋಲನ್ನು ತಿರುವಿ ತಿರುವಿ ಎಡಗಡೆಯ ಎತ್ತಿಗೆ ಬಡಿಯುತ್ತಿದ್ದ. ಎತ್ತು ಮೊಣಕಾಲೂರಿತ್ತು, ಬಾಯಿಯಿಂದ ನೊರೆ ಸುರಿಯುತ್ತಿತ್ತು. ಬಿಡಪ್ಪಾ, ಸತ್ತೀತು ಎಂದು ಪ್ರಭು ಕೂಗಿದ. ಗಾಡಿಯವನು ತಿರುಗಿ ನೋಡಿ, ನೀವು ಎಳೀತೀರೇನ್ರಿ ಎಂದು ಕೇಳಿ ಮತ್ತೆ ಬಡಿದ. ಎತ್ತು ಎದ್ದಿತು, ಗಾಡಿ ಏರು ಹತ್ತಿತು. ನೋಡು, ಹೊಡೆದರೆ ಕೆಲಸ ಆಗುತ್ತದೆ ಎಂದು ತಲೆಯೊಳಗೆ ಯಾರೋ ಹೇಳಿದರು, ಶಿದ್ರಾಮ ಮಾಸ್ತರರೋ ಅವನೋ. ನಿಜ ಹೇಳಿಬಿಡುತ್ತೇನೆ ಎಂದುಕೊಂಡ. ಭೀಮಶಿಯ ತಾಯಿಯ ಕಾಲು ಹಿಡಿದು, ಸಿಟ್ಟಿನ ಕೈಯಲ್ಲಿ ಬುದ್ಧಿ ಕೊಟ್ಟೆ, ತಪ್ಪಾಯಿತು ಎಂದು ಹೇಳಿಬಿಟ್ಟರೆ ಅವರೇನು ಕೊಂದುಹಾಕುತ್ತಾರೆಯೇ? ನೌಕರಿ ಹೋಗುತ್ತದೆ. ಹೋಗಲಿ. ಗಾಡಿ ಚಾಲೂ ಮಾಡುವಷ್ಟು ಹೊತ್ತು ಅವನು ನಿಜವಾಗಿಯೂ ಹಾಗೆಂದುಕೊಂಡಿದ್ದ.

ಭೀಮಶಿ ಎರಡೆಕರೆಯಲ್ಲಿ ಕಬ್ಬು ಮಾಡಿ, ಉಳಿದ ದಿನ ಬೇರೆಯವರ ಟ್ರ್ಯಾಕ್ಟರ್ ಹೊಡೆಯುವವನು. ಎತ್ತರದ ಆಳು, ಮಾತು ಕಡಿಮೆ. ಮಾಸ್ತರನನ್ನು ಕಂಡು ಕುಡಗೋಲು ಬದಿಗಿಟ್ಟು ಎರಡೂ ಕೈ ಜೋಡಿಸಿದ. ಅದೇ ಮೊದಲ ಪೆಟ್ಟು. ಬೈಯುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಪ್ರಭು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಬಂದಿದ್ದ. ಕೈ ಜೋಡಿಸಿದವನ ಎದುರು ಏನು ಮಾಡಬೇಕೆಂದು ತಿಳಿಯಲಿಲ್ಲ. ಪಡಸಾಲೆಯಲ್ಲಿ ಹೊಸ ಚಾಪೆ ಹಾಸಿದರು, ತಂಬಿಗೆಯಲ್ಲಿ ನೀರು ಕೊಟ್ಟರು. ಭೀಮಶಿಯ ತಾಯಿ ಅಲ್ಲವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಸಾಸಿವೆ ಕಾಳಿನಷ್ಟು ಕಣ್ಣು, ಹಣೆಯ ತುಂಬ ಭಂಡಾರದ ಅರಿಶಿನ. ಸೊಸೆ ಸಾತವ್ವ ಕಬ್ಬು ಕಡಿಯುವ ಕೂಲಿಗೆ ಹೋಗಿದ್ದಾಳೆ, ನೀವು ಬರುತ್ತೀರಿ ಎಂದು ಗೊತ್ತಿದ್ದರೆ ನಿಲ್ಲುತ್ತಿದ್ದಳು ಎಂದು ಮುದುಕಿ ತಾನೇ ತಪ್ಪು ಮಾಡಿದಂತೆ ಹೇಳಿದಳು. ಸಪ್ನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಡಗಿವಿಯಲ್ಲಿ ಹತ್ತಿ. ಮಾಸ್ತರನನ್ನು ನೋಡಿ ಅವಳೂ ಕೈ ಜೋಡಿಸಿ, ಗುಡ್ ಮಾರ್ನಿಂಗ್ ಸರ್ ಎಂದಳು, ಕ್ಲಾಸಿನಲ್ಲಿ ಹೇಳುವುದಕ್ಕಿಂತ ಜೋರಾಗಿ. ತನ್ನ ದನಿ ಎಷ್ಟು ದೊಡ್ಡದಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಪ್ರಭು ಕರದಂಟಿನ ಡಬ್ಬಿಯನ್ನು ಚಾಪೆಯ ಅಂಚಿಗೆ ಸರಿಸಿದ. ಮುದುಕಿ ಅದನ್ನು ನೋಡಿದಳು, ಮುಟ್ಟಲಿಲ್ಲ.

ಭೀಮಶಿ ನಿಧಾನವಾಗಿ ಹೇಳಿದ. ಸಾಲೆಗೆ ಹೆಸರು ಹಚ್ಚುವ ದಿನ, ಎರಡು ಕಣ್ಣು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ ಎಂದು ನಾನೇ ಹೇಳಿದ್ದೆ, ಆ ಮಾತಿಗೆ ಈಗಲೂ ತಪ್ಪುವುದಿಲ್ಲ. ನೀವು ಹೊಡೆದಿದ್ದರೆ ಹೊಡೆದೆ ಎಂದು ಹೇಳಿ. ಡಾಕ್ಟರರಿಗೆ ಏನಾಯಿತೆಂದು ಬರೆದು ಕೊಡಬೇಕು, ಬೆಳಗಾವಿಗೆ ಒಯ್ಯಬೇಕು, ಮುಂದಿನದು ನಮ್ಮ ನಿಮ್ಮ ನಡುವೆ ಮಾತಾಡೋಣ. ಇವಳು ಏಳು ಎನ್ನುತ್ತಾಳೆ, ಏಳನೆಯದು ಕಿವಿಗೆ ಎನ್ನುತ್ತಾಳೆ. ಪಕ್ಕದಲ್ಲಿ ಕೂಡುವ ಕಾಜಲ್ ಎಂಬ ಹುಡುಗಿಯನ್ನು ಕೇಳಿದೆ, ಅವಳು ತಲೆ ಬಗ್ಗಿಸಿ ಕುಳಿತಿದ್ದೆ, ನೋಡಲಿಲ್ಲ ಎಂದಳು. ಹೋದ ವಾರ ಸೈಕಲ್ಲಿನಿಂದ ಬಿದ್ದದ್ದನ್ನೂ ಇವಳು ಎರಡು ದಿನ ಮುಚ್ಚಿಟ್ಟಿದ್ದಳು. ನನಗೆ ಯಾರದು ಖರೆ ಎಂದು ಗೊತ್ತಾಗಬೇಕು. ಇಷ್ಟೇ.

ಬಾಯಿ ತೆರೆದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ಮೇಲೆಯೇ ಇತ್ತು. ಆದರೆ ನಮ್ಮ ನಿಮ್ಮ ನಡುವೆ ಎಂದಾಗ ಭೀಮಶಿಯ ಕೈ ಚಾಪೆಯ ಮೇಲೆ ಮುಷ್ಟಿಯಾಗಿ ಬಿಚ್ಚಿಕೊಂಡಿತ್ತು, ಅದನ್ನು ಪ್ರಭು ನೋಡಿದ್ದ. ಡಾಕ್ಟರರಿಗೆ ಬರೆದು ಕೊಡಬೇಕು ಎಂಬುದನ್ನೂ ಕೇಳಿದ್ದ. ಬರೆದದ್ದು ಎಲ್ಲಿಗೆಲ್ಲ ಹೋಗುತ್ತದೆ? "ಆರು ಹೊಡದೇನಿ. ಅಂಗೈಗೆ. ಕಿವಿ ಮುಟ್ಟಿಲ್ಲ" ಎಂದ. ದನಿ ಪಾಠ ಹೇಳುವವನ ದನಿಯಂತೆಯೇ ಬಂತು, ಸಾಫಾಗಿ. ಏಳರಲ್ಲಿ ಆರು ಖರೆ ಇತ್ತು. ಒಂದೇ ಒಂದು ಸುಳ್ಳು. ಅದೂ ಅವಳು ಎಣಿಸದೇ ಬಿಟ್ಟದ್ದು.

ಸಪ್ನಾ ಅವನನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಹಲಗೆಯನ್ನು ನೋಡುವ ಹಾಗೆ ನೋಡಿದಳು. ಏಳು, ಅಪ್ಪಾ ಎಂದಳು, ಅದೇ ಜೋರು ದನಿಯಲ್ಲಿ.

ಮುದುಕಿ ಕಂಬ ಹಿಡಿದು ಎದ್ದಳು. ದೇವರ ಜಗುಲಿಯಿಂದ ಹಿತ್ತಾಳೆಯ ತಟ್ಟೆ ತಂದಳು. ಅದರ ತುಂಬ ಲಕ್ಷ್ಮೀದೇವಿಯ ಭಂಡಾರ, ಹಳದಿ, ನಡುವೆ ಗುಡ್ಡದಂತೆ ಕೂಡಿಸಿತ್ತು. ಈ ಭಾಗದಲ್ಲಿ ಭಂಡಾರ ಮುಟ್ಟಿ ಹೇಳಿದ ಮೇಲೆ ಮಾತು ಮುಗಿಯಿತು, ಅದರಾಚೆ ಪಂಚರಿಲ್ಲ, ಕೋರ್ಟಿಲ್ಲ. ಹೊಲದ ಬದುವಿನ ಜಗಳ, ಮದುವೆ ಮುರಿದ ಮಾತು, ಎಲ್ಲ ಈ ಪುಡಿಯ ಮೇಲೆ ತೀರಿವೆ. ಮುದುಕಿ ತಟ್ಟೆಯನ್ನು ಇನ್ನೂ ಕೆಳಗಿಡದೆ ಒಂದು ಕ್ಷಣ ಅನುಮಾನಿಸಿದಳು. "ನೀವು ಲಿಂಗಾ ಕಟ್ಟಿದ ಮಂದಿ, ಮಾಸ್ತರ. ನಮ್ಮ ಭಂಡಾರಾ ನಿಮಗ ನಡೀದಿದ್ರ ನಿಮ್ಮ ಲಿಂಗಾ ಮುಟ್ಟಿ ಹೇಳ್ರಿ. ನಮಗ ಎರಡೂ ಅಷ್ಟಽ."

ಪ್ರಭುವಿನ ಕೈ ಅಂಗಿಯ ಮೇಲೆ ಎದೆಗೆ ಹೋಯಿತು. ಲಿಂಗ ಅಲ್ಲೇ ಇತ್ತು, ಬೆಳ್ಳಿಯ ಕರಡಿಗೆಯೊಳಗೆ. ಅವ್ವ ಸಾಯುವಾಗ ಅದನ್ನು ತೆಗೆಯಬೇಡ ಎಂದು ಹೇಳಿದ್ದಳು, ತೆಗೆದಿರಲಿಲ್ಲ. ಅದನ್ನು ಮುಟ್ಟಿ ಸುಳ್ಳು ಹೇಳಲು ಬೆರಳು ಬರಲಿಲ್ಲ. ಭಂಡಾರ ಬೇರೆ. ಅದು ಬೇರೆಯವರ ದೇವರು, ಬೇರೆಯವರ ಅರಿಶಿನ, ತನಗೆ ಹತ್ತುವುದಿಲ್ಲ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ತಲೆಯಲ್ಲಿ ಅಚ್ಚುಕಟ್ಟಾಗಿ ಹೊಂದಿಕೊಂಡಿತು. ಅಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡದ್ದಕ್ಕೆ ಅವನಿಗೇ ಹೇಸಿಗೆಯಾಯಿತು. ಆದರೂ ಎದೆಯ ಮೇಲಿನ ಕೈ ಇಳಿಸಿ, "ಭಂಡಾರನಽ ತರ್ರಿ ಆಯಿ. ದೇವರು ಎಲ್ಲಾ ಒಂದಽ" ಎಂದ.

ಮುದುಕಿಯ ಕಣ್ಣು ತುಂಬಿ ಬಂತು. ಮಗನ ಕಡೆ ನೋಡಿದಳು. ಲಿಂಗವಂತ ಮಾಸ್ತರ, ಓದಿದವನು, ನಮ್ಮ ದೇವರನ್ನು ಇಷ್ಟು ದೊಡ್ಡದು ಮಾಡಿದ ಎನ್ನುವುದು ಆ ನೋಟದಲ್ಲಿತ್ತು. ಭೀಮಶಿ ತಲೆ ತಗ್ಗಿಸಿದ. ಪ್ರಭು ಬಲಗೈಯನ್ನು ಮಣಿಕಟ್ಟಿನವರೆಗೂ ಭಂಡಾರದಲ್ಲಿ ಊರಿದ. ತಣ್ಣಗಿತ್ತು, ಬೆರಳ ಸಂದಿಗಳಲ್ಲಿ ಮೆತ್ತಗೆ ನುಗ್ಗಿತು. ಕಿವಿ ಮುಟ್ಟಿಲ್ಲ ಎಂದು ಹೇಳಿದ. ಮುದುಕಿ ಒಂದು ಚಿಟಿಕೆ ತೆಗೆದು ಅವನ ಹಣೆಗೆ ಹಚ್ಚಿ, ತನ್ನ ಎರಡೂ ಕೆನ್ನೆಗೆ ಬಡಿದುಕೊಂಡು, ನಮ್ಮ ಕೂಸಿನ ಮಾತಿಗೆ ನಿಮ್ಮನ್ನು ಇಲ್ಲಿತನಕ ಎಳೆದು ತಂದೆವಲ್ಲ, ಕ್ಷಮಾ ಮಾಡ್ರಿ ಎಂದಳು. ಮುಗಿಯಿತು ಎಂದುಕೊಂಡ ಪ್ರಭು. ಎದ್ದು ಹೋಗುವುದಷ್ಟೇ ಬಾಕಿ. ಬೆನ್ನು ಹಗುರವಾಯಿತು, ಒಂದು ಲೋಟ ನೀರು ಕೇಳಬೇಕು ಎನಿಸಿತು. ಭಂಡಾರದ ಮೇಲೆ ಒಬ್ಬರ ಮಾತು ಖರೆಯಾದರೆ ಇನ್ನೊಬ್ಬರ ಮಾತು ಏನಾಗುತ್ತದೆ ಎನ್ನುವುದನ್ನು ಈ ಓದಿದ ಮನುಷ್ಯ ಯೋಚಿಸಿಯೇ ಇರಲಿಲ್ಲ.

ಭೀಮಶಿ ಎದ್ದು ಗೂಟಕ್ಕೆ ತೂಗುಹಾಕಿದ್ದ ಬಾರಕೋಲು ತೆಗೆದ. ಅವಸರವೇನೂ ಇರಲಿಲ್ಲ ಅವನಿಗೆ. "ದೇವರ ಮುಂದ ಮಾಸ್ತರನ ಮ್ಯಾಲ ಸುಳ್ಳ ಹೇಳ್ತಿ?" ಎಂದ. ಸಪ್ನಾ ಓಡಲಿಲ್ಲ. ಅಪ್ಪ ಹೇಳಿದ್ದು ಸರಿಯಾಗಿ ಕೇಳಿಸದೆ ತಲೆಯನ್ನು ಓರೆ ಮಾಡಿದಳು. ಮೊದಲ ಏಟು ಹೆಗಲಿಗೆ ಬಿತ್ತು. ಚರ್ಮದ ಬಾರು ಅವಳ ತೋಳನ್ನು ಸುತ್ತಿಕೊಂಡು ಬಿಚ್ಚಿಕೊಂಡಿತು, ಅವಳು ಸುತ್ತು ತಿರುಗಿ ಗೋಡೆಗೆ ಬಿದ್ದಳು. ಬ್ಯಾಡ ಎಂದು ಪ್ರಭು ಎದ್ದ. ಮುದುಕಿ ಅವನ ಮುಂಗೈ ಹಿಡಿದಳು. ನೀವು ಕೂಡ್ರಿ, ಇದು ನಮ್ಮ ಮನೆಯ ಕೆಲಸ, ದೇವಿಯ ಮುಂದೆ ಸುಳ್ಳು ಉಳಿಯಬಾರದು ಎಂದಳು. ಪ್ರಭು ಕೂತ.

ಟೂ. ಅವನ ತಲೆ ಎಣಿಸತೊಡಗಿತ್ತು, ತನಗೆ ತಾನೇ, ಇಂಗ್ಲಿಷಿನಲ್ಲಿ. ಮುಂದಿನದು ಬೀಳುವಷ್ಟರಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡ. ಥ್ರೀ ಬಿತ್ತು, ಬೆನ್ನಿಗೆ. ಅವಳು ಈಗ ಕೂಗಿದಳು, ನಿನ್ನೆ ಕೂಗದಿದ್ದುದನ್ನೂ ಸೇರಿಸಿ ಕೂಗಿದಳು. ಜಡೆ ಬಿಚ್ಚಿತ್ತು. ಹೇಳಿದರೆ ಏನಾಗುತ್ತದೆ? ಭಂಡಾರದಲ್ಲಿ ಅದ್ದಿದ ಕೈ ಇನ್ನೂ ಹಳದಿಯಾಗಿಯೇ ಇದೆ, ಈಗ ಹೇಳಿದರೆ ಬಾರಕೋಲು ನನ್ನ ಕಡೆ ತಿರುಗುತ್ತದೆ. ಫೋರ್. ತಿರುಗಲಿ. ಎರಡು ಕೈ ಎತ್ತಿ ನಿಂತುಬಿಡುತ್ತೇನೆ, ಬಡಿಯಲಿ, ಕಾಲುವೆಗೆ ನೂಕಲಿ. ಈ ಯೋಚನೆಯಲ್ಲಿ ಒಂದು ಸುಖವಿತ್ತು, ಆ ಸುಖದಲ್ಲಿಯೇ ಫೈವ್ ಬಿದ್ದುಹೋಯಿತು. ಬಾರಿನ ತುದಿ ಅವಳ ಕುತ್ತಿಗೆಯ ಮೇಲೆ ಕೆಂಪು ಎಳೆ ಬಿಟ್ಟಿತು. ಅವಳು ಗೋಡೆಯ ಬುಡದಲ್ಲಿ ಮುದುಡಿ, ಎರಡು ಕೈಯಿಂದ ಕಿವಿಯಷ್ಟನ್ನೇ ಮುಚ್ಚಿಕೊಂಡಿದ್ದಳು, ಬೆನ್ನನ್ನು ಬಿಟ್ಟುಕೊಟ್ಟಿದ್ದಳು. ಆ ಕೈಗಳ ಅಂಗೈಯಲ್ಲಿ ಫೂಟ್‌ಪಟ್ಟಿಯ ಗೆರೆ ಇನ್ನೂ ಮಾಸಿರಲಾರದು. ಹೇಳಿಬಿಡಲು ಪ್ರಭು ಬಾಯಿ ತೆರೆದ. ಅವನಿಗಿಂತ ಮೊದಲು ಅವಳು ಮಾತಾಡಿದಳು.

"ಆರಽ ಅಪ್ಪಾ. ಆರಽ ಹೊಡದಾರ. ಕಿವಿಗೆ ಹೊಡದಿಲ್ಲ. ನಾ ಸೈಕಲ್ಲಿನ ಮ್ಯಾಲಿಂದ ಬಿದ್ದೇನಿ."

ಭೀಮಶಿಯ ಕೈ ಮೇಲೆಯೇ ನಿಂತಿತು. ಬಾರಕೋಲನ್ನು ಸುತ್ತಿ ಗೂಟಕ್ಕೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಹೆಗಲು ಅಲ್ಲಾಡುತ್ತಿದ್ದವು, ಅವನು ಅಳುತ್ತಿದ್ದ. ಮುದುಕಿ, ಆತಲ್ಲ, ಖರೆ ಹೊರಗೆ ಬಂತಲ್ಲ ಎಂದು ಯಾರಿಗೋ ಹೇಳಿದಳು. ಪ್ರಭು ತೆರೆದ ಬಾಯಿ ಮುಚ್ಚಿದ. ಈಗ ಹೇಳಿದರೂ ಹೇಳಬಹುದಿತ್ತು. ಹುಡುಗಿ ಅಷ್ಟು ಪೆಟ್ಟು ತಿಂದು ಅವನ ಸುಳ್ಳನ್ನು ತನ್ನದು ಮಾಡಿಕೊಂಡಿದ್ದಳು, ಅದನ್ನು ಅವಳಿಂದ ಕಿತ್ತುಕೊಳ್ಳಲು ಒಂದೇ ಮಾತು ಸಾಕಿತ್ತು. ಡಾಕ್ಟರರಿಗೆ ಈಗ ಏನು ಬರೆದು ಕೊಡುತ್ತಾರೆಂದು ಅವನಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಎದೆಯ ಭಾರ ಇಳಿದದ್ದೂ ಗೊತ್ತಾಯಿತು. ಥೂ ನಿನ್ನ, ಎಂದು ತನಗೇ ಉಗಿದುಕೊಂಡ.

ಅಲ್ಲವ್ವ ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದಳು, ಸೆರಗಿನಿಂದ ಅವಳ ಮೂಗು ಒರೆಸಿದಳು. ಮಾಸ್ತರರ ಕಾಲಿಗೆ ಬೀಳವ್ವಾ, ತಪ್ಪಾತಂತ ಅನ್ನು ಎಂದಳು. ಸಪ್ನಾ ಬಂದಳು. ನಡೆಯುವಾಗ ಒಂದು ಕಡೆ ವಾಲುತ್ತಿದ್ದಳು. ಮಂಡಿಯೂರಿ ಅವನ ಪಾದದ ಮೇಲೆ ಹಣೆ ಇಟ್ಟಳು, ಬಿಸಿಯಾಗಿತ್ತು ಹಣೆ. ತಪ್ಪಾತ್ರಿ ಸರ್ ಎಂದಳು. ಮುದುಕಿ ಆಶೀರ್ವಾದ ಮಾಡ್ರಿ ಎಂದಾಗ ಪ್ರಭು ಬಗ್ಗಿ ಅವಳ ತಲೆಯ ಮೇಲೆ ಕೈಯಿಟ್ಟ. ಹತ್ತಿ ತುಂಬಿದ ಕಿವಿ ಅವನ ಬಾಯಿಯ ಹತ್ತಿರವೇ ಬಂತು. ಇನ್ನು ತಡೆದುಕೊಳ್ಳಲಾಗಲಿಲ್ಲ. ತುಟಿ ಅಲ್ಲಾಡಿತೋ ಇಲ್ಲವೋ ಎಂಬಷ್ಟು ಸಣ್ಣಗೆ, ಖರೆ ನಿಂದಽ ಐತೆವ್ವಾ, ನಾನಽ ಹೊಡದೇನಿ, ಕಿವಿಗೆ ಹೊಡದೇನಿ ಎಂದು ಆ ಕಿವಿಗೆ ಹೇಳಿದ. ಯಾವ ಕಿವಿಗೆ ಹೇಳುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು.

ಕೆನ್ನೆಗೆ ಉಸಿರು ತಾಕಿರಬೇಕು. ಅವಳು ತಲೆಯೆತ್ತಿದಳು. ಮಾಸ್ತರರು ಏನೋ ಹೇಳಿದರು, ತನಗೆ ಕೇಳಿಸಲಿಲ್ಲ ಎಂಬ ಗಾಬರಿ ಆ ಒದ್ದೆ ಮುಖದಲ್ಲಿತ್ತು.

"ಏನ್ರಿ ಸರ್?" ಎಂದು ಇನ್ನೊಂದು ಕಿವಿಯನ್ನು ಅವನ ಕಡೆ ತಿರುಗಿಸಿ ಹಿಡಿದಳು. ಭೀಮಶಿಯೂ ತಿರುಗಿ ನೋಡಿದ. ಮುದುಕಿಯೂ ಕಾದಳು.

"ಏನಿಲ್ಲವ್ವಾ" ಎಂದ ಪ್ರಭು, ಎಲ್ಲರಿಗೂ ಕೇಳಿಸುವಂತೆ. "ಛಲೋತಂಗ ಓದು ಅಂದೆ."